ನಿಮ್ಮದೇ ರಕ್ತ, ಸರಿ. ಕೂದಲು ಯಾಕೆ ಉದುರುತ್ತಿದೆ ಅಂತ ಯಾರಾದರೂ ನೋಡಿದ್ದಾರಾ?

ಪಿಆರ್‌ಪಿ ಬಗ್ಗೆ ಬರುವ ಪತ್ರಗಳು ನಿಲ್ಲುವ ಲಕ್ಷಣವೇ ಇಲ್ಲ. ಬರೆಯುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ರಕ್ತ ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾವನ್ನು, ಅಂದರೆ ರಕ್ತದ ಹಳದಿ ನೀರನ್ನು, ತಲೆಗೋ ಮುಖಕ್ಕೋ ಚುಚ್ಚುತ್ತಾರೆ ಎಂಬಷ್ಟು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: ವಯಸ್ಸು 28. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ, ಹಣೆಯ ಎರಡೂ ಮೂಲೆ ಹಿಂದಕ್ಕೆ ಹೋಗಿವೆ. ಮಾತ್ರೆ, ಲೋಷನ್ ಎಲ್ಲ ಕೆಮಿಕಲ್, ಸೈಡ್ ಎಫೆಕ್ಟ್ ಅಂತಾರೆ. ಪಿಆರ್‌ಪಿ ನಮ್ಮದೇ ರಕ್ತ ಅಲ್ವಾ ಡಾಕ್ಟ್ರೇ, ಅದೊಂದೇ ಮಾಡಿಸಿದರೆ ಸಾಲದಾ? ಒಂದು ಕ್ಲಿನಿಕ್‌ನವರು ಎಂಟು ಸಿಟ್ಟಿಂಗ್‌ಗೆ ಈಗಲೇ ದುಡ್ಡು ಕಟ್ಟಿ ಅಂತಿದ್ದಾರೆ.

ಸಾಲದು. ದುಡ್ಡನ್ನೂ ಕಟ್ಟಬೇಡಿ.

ನಿಮ್ಮ ಪತ್ರದಲ್ಲಿ ಯಾವ ಮೆಷಿನ್, ಯಾವ ಕಿಟ್, ಎಷ್ಟು ಸಿಟ್ಟಿಂಗ್ ಎಂಬುದೆಲ್ಲ ಇದೆ. ಕೂದಲು ಯಾಕೆ ಉದುರುತ್ತಿದೆ ಅಂತ ಅಲ್ಲಿ ಒಬ್ಬರಾದರೂ ಹೇಳಿದರಾ ಎಂಬುದು ಮಾತ್ರ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ತಲೆ ಮುಟ್ಟಿಯೂ ನೋಡದೆ ಪ್ಯಾಕೇಜ್ ಬರೆದುಕೊಟ್ಟವರ ಮೇಲೆ ಸಿಟ್ಟು.

ನೀವು ಹೇಳಿದ ರೀತಿ ನೋಡಿದರೆ ಇದು ಗಂಡಸರಲ್ಲಿ ತುಂಬಾ ಸಾಮಾನ್ಯವಾದ, ವಂಶದಲ್ಲಿ ಬರುವ ಬೋಳು ಇರಬೇಕು. ಆಂಡ್ರೋಜೆನೆಟಿಕ್ ಅಲೋಪೇಶಿಯ ಎನ್ನುತ್ತೇವೆ. ಇಲ್ಲಿ ಡಿಎಚ್‌ಟಿ ಎಂಬ ಹಾರ್ಮೋನ್ ಕೂದಲ ಬುಡವನ್ನು ಕುಗ್ಗಿಸುತ್ತಾ ಹೋಗುತ್ತದೆ. ಹಳೆ ಕೂದಲು ಉದುರಿ ಹೊಸದು ಬಂದಾಗಲೆಲ್ಲ ಅದು ಹಿಂದಿನದಕ್ಕಿಂತ ತೆಳ್ಳಗೆ, ಗಿಡ್ಡಕ್ಕೆ ಬರುತ್ತದೆ. ವರ್ಷಗಟ್ಟಲೆ ಬೆಳೆಯುತ್ತಿದ್ದ ಕೂದಲು ಕೆಲವೇ ತಿಂಗಳಿಗೆ ಉದುರುತ್ತದೆ. ಕೊನೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಉಳಿಯುತ್ತದೆ.

ಪಿಆರ್‌ಪಿ ಈ ಹಾರ್ಮೋನನ್ನು ತಡೆಯುವುದಿಲ್ಲ. ಪ್ಲೇಟ್‌ಲೆಟ್‌ಗಳ ಒಳಗೆ ಪಿಡಿಜಿಎಫ್, ವಿಇಜಿಎಫ್ ಥರದ ಬೆಳವಣಿಗೆ ಅಂಶಗಳಿರುತ್ತವೆ. ಗಾಯವಾದಾಗ ಮಾಯಿಸುವ ಕೆಲಸ ಅವುಗಳದ್ದು. ಅವನ್ನೇ ಕೂದಲ ಬುಡದ ಹತ್ತಿರ ಬಿಟ್ಟರೆ ಬುಡದ ಜೀವಕೋಶ ಚುರುಕಾಗುತ್ತವೆ, ಕೂದಲು ಬೆಳೆಯುವ ಹಂತದಲ್ಲಿ ಹೆಚ್ಚು ದಿನ ಉಳಿಯುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಯೋಚನೆ ತಪ್ಪಲ್ಲ. ಆದರೆ ನೀವು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡು ಮನೆಗೆ ಬಂದ ಮೇಲೂ ಡಿಎಚ್‌ಟಿ ದಿನವೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೆ ಕಡಿವಾಣ ಹಾಕದೆ ಪಿಆರ್‌ಪಿ ಒಂದನ್ನೇ ನಂಬಿದರೆ, ಬಂದ ಅಷ್ಟಿಷ್ಟು ಲಾಭವೂ ನಿಲ್ಲಿಸಿದ ಮೇಲೆ ಕರಗುತ್ತದೆ.

ಈಗ ನೀವು ಹೆದರಿದ ಆ ಮಾತ್ರೆ, ಲೋಷನ್ ವಿಷಯ. ಹಚ್ಚುವ ಮಿನಾಕ್ಸಿಡಿಲ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1988ರಲ್ಲೇ ಅನುಮತಿ ಕೊಟ್ಟಿತು. ಡಿಎಚ್‌ಟಿ ತಗ್ಗಿಸುವ, ಗಂಡಸರಿಗೆಂದಿರುವ 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆಗೆ ಅನುಮತಿ ಸಿಕ್ಕಿದ್ದು 1997ರಲ್ಲಿ. ಅಷ್ಟು ವರ್ಷಗಳ ಅನುಭವ ಅವುಗಳ ಹಿಂದಿದೆ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ ಎನ್ನಲಾರೆ. ಫಿನಾಸ್ಟರೈಡ್ ತೆಗೆದುಕೊಂಡ ಕೆಲವರಲ್ಲಿ ಲೈಂಗಿಕ ಆಸಕ್ತಿ ಅಥವಾ ಶಕ್ತಿ ಕಡಿಮೆಯಾಗುತ್ತದೆ. ಅನುಮತಿಗೆ ಮುಂಚಿನ ಪರೀಕ್ಷೆಗಳಲ್ಲಿ ಇಂಥ ದೂರು ಹೇಳಿದವರು ಶೇ 3.8. ಔಷಧಿಯೇ ಇಲ್ಲದ ಖಾಲಿ ಮಾತ್ರೆ ನುಂಗಿದವರಲ್ಲೂ ಶೇ 2.1 ಜನ ಅದೇ ದೂರು ಹೇಳಿದರು. ಖಿನ್ನತೆ ಇದ್ದವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಇದೆಲ್ಲ ಕೂತು ಮಾತಾಡಿ ನಿರ್ಧರಿಸುವ ವಿಷಯ. ಯಾರೋ ಹೇಳಿದ್ದು ಕೇಳಿ ಬಿಡುವುದೂ ತಪ್ಪು, ಯಾರೋ ಹೇಳಿದ್ದು ಕೇಳಿ ಅಂಗಡಿಯಿಂದ ತಂದು ನುಂಗುವುದೂ ತಪ್ಪು.

ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹಳೆ ಕೂದಲು ಜಾಗ ಬಿಟ್ಟು ಹೊಸದು ಬರುವ ಹೊತ್ತು ಅದು. ಇದನ್ನು ಮೊದಲೇ ಹೇಳದ ಕಾರಣಕ್ಕೇ ಎಷ್ಟೋ ಜನ ಬಾಟಲಿ ಎಸೆದು ಪಿಆರ್‌ಪಿ ಕ್ಲಿನಿಕ್‌ಗೆ ಓಡುತ್ತಾರೆ.

ಹಾಗಾದರೆ ಪಿಆರ್‌ಪಿ ಮೋಸವಾ? ಅಲ್ಲ. ನಾನೂ ಮಾಡುತ್ತೇನೆ. ಕೂದಲು ತೆಳ್ಳಗಾಗಿದ್ದರೂ ಬುಡ ಇನ್ನೂ ಬದುಕಿರುವವರಿಗೆ, ಔಷಧಿಯ ಜೊತೆಗೆ ಮಾಡುತ್ತೇನೆ. ಔಷಧಿ ಒಗ್ಗದವರಿಗೆ ಎಲ್ಲ ತಿಳಿಸಿ ಹೇಳಿ, ಅದೊಂದನ್ನೇ ಮಾಡಿದ್ದೂ ಇದೆ. ತಲೆಯ ಒಂದು ಬದಿಗೆ ಪಿಆರ್‌ಪಿ, ಇನ್ನೊಂದು ಬದಿಗೆ ಬರೀ ಸಲೈನ್ (ಉಪ್ಪುನೀರು) ಚುಚ್ಚಿ ಹೋಲಿಸಿದ ಪರೀಕ್ಷೆಗಳಿವೆ. ಕೆಲವದರಲ್ಲಿ ಪಿಆರ್‌ಪಿ ಬದಿಯ ಕೂದಲು ದಟ್ಟವಾಯಿತು, ಕೆಲವದರಲ್ಲಿ ಎರಡೂ ಬದಿ ಒಂದೇ ಥರ ಇದ್ದವು. ಹೆಚ್ಚಿನವು ಸಣ್ಣ ಪರೀಕ್ಷೆಗಳು. ಒಬ್ಬರು ಮಾಡುವ ಪಿಆರ್‌ಪಿಗೂ ಇನ್ನೊಬ್ಬರು ಮಾಡುವುದಕ್ಕೂ ಹೋಲಿಕೆಯೇ ಇಲ್ಲ ಎಂಬುದು ಇನ್ನೂ ದೊಡ್ಡ ತೊಂದರೆ. ಎಷ್ಟು ರಕ್ತ ತೆಗೆದರು, ಎಷ್ಟು ವೇಗದಲ್ಲಿ ತಿರುಗಿಸಿದರು, ಒಂದು ಸಲವೋ ಎರಡು ಸಲವೋ, ಯಾವ ಪದರ ತೆಗೆದರು, ಎಲ್ಲವೂ ಬೇರೆ ಬೇರೆ.

ನಮ್ಮ ರಕ್ತದ ಒಂದು ಮೈಕ್ರೋಲೀಟರ್‌ನಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಪಿಆರ್‌ಪಿಯಲ್ಲಿ ಹತ್ತು ಲಕ್ಷದ ಆಸುಪಾಸು ಇರಲಿ ಎಂಬುದು ಬಹಳ ಜನ ಇಟ್ಟುಕೊಂಡ ಗುರಿ. ನಿಮ್ಮ ಕ್ಲಿನಿಕ್‌ನವರನ್ನು ಕೇಳಿ: ನೀವು ತಯಾರಿಸುವ ಪಿಆರ್‌ಪಿಯಲ್ಲಿ ಎಷ್ಟಿರುತ್ತದೆ, ಯಾವತ್ತಾದರೂ ಎಣಿಸಿ ನೋಡಿದ್ದೀರಾ? ಸಣ್ಣ ಟ್ಯೂಬಿನಷ್ಟು ರಕ್ತ ತೆಗೆದು, ಒಂದು ಸಲ ಗಿರ್ರನೆ ತಿರುಗಿಸಿ, ಮೇಲೆ ಬಂದ ಹಳದಿ ನೀರನ್ನೆಲ್ಲ ಸಿರಿಂಜಿಗೆ ಎಳೆದರೆ ಅದರಲ್ಲಿ ಹೆಚ್ಚಿನ ಪ್ಲೇಟ್‌ಲೆಟ್ ಇರಲೇಬೇಕು ಅಂತೇನಿಲ್ಲ. ಕೆಂಪು ಕಣ ಬೆರೆತು ಕೆಂಪಗಿದ್ದರೆ ಅದೂ ಒಳ್ಳೆಯದಲ್ಲ, ನೋವು ಮತ್ತು ಊತ ಜಾಸ್ತಿ. ಇನ್ನೊಂದು ವಿಷಯ. ಪ್ಲೇಟ್‌ಲೆಟ್ ಒಮ್ಮೆ ಚುರುಕಾದರೆ ಒಳಗಿರುವ ಅಂಶಗಳಲ್ಲಿ ಬಹುಪಾಲನ್ನು ಗಂಟೆಯೊಳಗೆ ಬಿಟ್ಟುಬಿಡುತ್ತದೆ. ಹಾಗಾಗಿ ತಯಾರಾದ ಕೂಡಲೇ, ನಿಮ್ಮ ಕಣ್ಣೆದುರೇ ಬಳಸಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮುಂದಿನ ವಾರಕ್ಕೆ ಬಳಸುತ್ತೇವೆ ಎನ್ನುವವರ ಹತ್ತಿರ ನಿಲ್ಲಬೇಡಿ.

ಎಂಟು ಸಿಟ್ಟಿಂಗ್ ಯಾಕೆ ಬೇಡ ಅಂದೆ? ತಿಂಗಳಿಗೊಂದರಂತೆ ಮೂರು ಮಾಡಿಸಿ, ಕಾಯಬೇಕು. ಕೂದಲು ತಿಂಗಳಿಗೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು, ಅವಸರ ಮಾಡಿ ಏನೂ ಪ್ರಯೋಜನವಿಲ್ಲ. ಶುರುವಿಗೆ ಮುಂಚೆ ಒಂದು ಫೋಟೊ, ಆರು ತಿಂಗಳ ಮೇಲೆ ಅದೇ ಬೆಳಕಲ್ಲಿ, ಅದೇ ಕೋನದಲ್ಲಿ, ಒಣ ಕೂದಲಲ್ಲಿ ಇನ್ನೊಂದು. ಫರಕು ಕಂಡರೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ಮುಂದುವರಿಸಬಹುದು. ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಎಂಟಕ್ಕೂ ಮೊದಲೇ ದುಡ್ಡು ಕಟ್ಟಿದವರಿಗೆ ಮಧ್ಯದಲ್ಲಿ ನಿಲ್ಲಿಸುವ ದಾರಿಯೇ ಇರುವುದಿಲ್ಲ. ಒದ್ದೆ ಕೂದಲಿನ "ಮೊದಲು", ಬಾಚಿದ ಕೂದಲಿನ "ಆಮೇಲೆ" ಫೋಟೊ ತೋರಿಸುವವರನ್ನು ನಂಬಬೇಡಿ.

ಇನ್ನು "ನಮ್ಮದೇ ರಕ್ತ, ಅದಕ್ಕೇ ಅಪಾಯ ಇಲ್ಲ" ಎಂಬ ಮಾತು. ನಿಮ್ಮ ರಕ್ತ ನಿಮ್ಮ ದೇಹಕ್ಕೆ ಒಗ್ಗುತ್ತದೆ, ಅಲರ್ಜಿ ತೀರಾ ಅಪರೂಪ, ಅಷ್ಟು ನಿಜ. ಆದರೆ ನಿಮ್ಮ ತೋಳಿನಿಂದ ಹೊರಟ ರಕ್ತ ನಿಮ್ಮ ತಲೆಗೆ ಬರುವ ಮಧ್ಯೆ ಸೂಜಿ, ಟ್ಯೂಬ್, ಮೆಷಿನ್, ಯಾರದೋ ಕೈ ಎಲ್ಲ ಇದೆ. 2018ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸೇ ಇಲ್ಲದ ಒಂದು ಸ್ಪಾದಲ್ಲಿ "ವ್ಯಾಂಪೈರ್ ಫೇಷಿಯಲ್", ಅಂದರೆ ಮುಖಕ್ಕೆ ಪಿಆರ್‌ಪಿ, ಮಾಡಿಸಿಕೊಂಡ ಮಹಿಳೆಗೆ ಎಚ್‌ಐವಿ ಬಂತು. ತನಿಖೆಗೆ ಹೋದವರಿಗೆ ಅಡುಗೆಮನೆ ಕಟ್ಟೆಯ ಮೇಲೆ ಹೆಸರು ಬರೆಯದ ರಕ್ತದ ಟ್ಯೂಬುಗಳು ಸಿಕ್ಕವು. ಫ್ರಿಜ್‌ನಲ್ಲಿ ಆಹಾರದ ಪಕ್ಕದಲ್ಲೇ ರಕ್ತ, ಇಂಜೆಕ್ಷನ್ ಇದ್ದವು. ಅಲ್ಲಿಗೆ ಹೋಗಿದ್ದ ಇನ್ನೂ ಕೆಲವರಿಗೆ ಸೋಂಕು ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಅವರೆಲ್ಲ ತಮ್ಮದೇ ರಕ್ತ ಎಂದುಕೊಂಡೇ ಹೋಗಿದ್ದರು. ಹಾಗಾಗಿ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆದದ್ದನ್ನು ನೋಡಿ. ಸೂಜಿ, ಸಿರಿಂಜ್ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ಹೀಗೆ ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಮೊದಲು ಮಾಡಬೇಕಾದ್ದು ಇಷ್ಟು: ಒಬ್ಬ ಚರ್ಮರೋಗ ತಜ್ಞರಿಗೆ ತಲೆ ತೋರಿಸಿ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ನೋಡಿಸಿ. ಕಾಯಿಲೆಯ ಹೆಸರು ಕೇಳಿ. ಪಿಆರ್‌ಪಿ ಬೇಕೋ ಬೇಡವೋ ಎಂಬ ಮಾತು ಆಮೇಲೆ.

ಹೆರಿಗೆಯಾಗಿ ನಾಲ್ಕು ತಿಂಗಳು. ತಲೆಗೆ ಕೈ ಹಾಕಿದರೆ ಹಿಡಿ ಹಿಡಿ ಕೂದಲು. ಪಿಆರ್‌ಪಿ ಮಾಡಿಸಲಾ?

ಬೇಡಮ್ಮ. ಬಸುರಿಯಲ್ಲಿ ಉದುರದೆ ಉಳಿದ ಕೂದಲು ಈಗ ಒಟ್ಟಿಗೆ ಉದುರುತ್ತಿದೆ. ಜೋರು ಜ್ವರ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ ಎರಡು ಮೂರು ತಿಂಗಳ ಮೇಲೂ ಹೀಗೇ ಆಗುತ್ತದೆ. ತಾನಾಗಿಯೇ ಸರಿಹೋಗುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ಸಂಗ್ರಹ), ಥೈರಾಯ್ಡ್ ನೋಡಿಸಿ, ಕಡಿಮೆ ಇದ್ದದ್ದನ್ನು ತುಂಬಿಕೊಳ್ಳಿ. ಮಗುವಿಗೆ ಒಂದು ವರ್ಷ ತುಂಬಿದರೂ ನಿಲ್ಲದಿದ್ದರೆ ಬಂದು ತೋರಿಸಿ. ಹೀಗೆ ತಾನಾಗಿ ಬರುವ ಕೂದಲನ್ನು ತಮ್ಮ ಪಿಆರ್‌ಪಿಯ ಲೆಕ್ಕಕ್ಕೆ ಬರೆದುಕೊಳ್ಳುವವರು ತುಂಬಾ ಜನ ಇದ್ದಾರೆ.

ನೆತ್ತಿ ನುಣ್ಣಗಾಗಿ ಹತ್ತು ವರ್ಷ ಆಯ್ತು. ಪಿಆರ್‌ಪಿಯಿಂದ ಬರುತ್ತಾ?

ಬರುವುದಿಲ್ಲ.

ಬಯೋಟಿನ್ ಮಾತ್ರೆ ತಿನ್ನುತ್ತಿದ್ದೇನೆ, ಸಾಕಾ?

ಬಯೋಟಿನ್ ಒಂದು ವಿಟಮಿನ್. ಅದರ ಕೊರತೆ ಇಲ್ಲದವರಿಗೆ ಉಪಯೋಗ ಇಲ್ಲ. ಜಾಸ್ತಿ ಪ್ರಮಾಣದಲ್ಲಿ ತಿಂದರೆ ಥೈರಾಯ್ಡ್ ಮತ್ತು ಹೃದಯದ ಟ್ರೋಪೋನಿನ್ ಪರೀಕ್ಷೆಯ ರಿಪೋರ್ಟ್ ತಪ್ಪು ಬರಬಹುದು. ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ಹೇಳಿ.

ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತಾ?

ಇಲ್ಲ. ಎಷ್ಟು ಸಲ ಹೇಳಲಿ.

ಮುಖದ ಸುಕ್ಕಿಗೆ, ಹೊಳಪಿಗೆ ಪಿಆರ್‌ಪಿ ಹೇಗೆ? ಮುಂದಿನ ವಾರ ಮದುವೆ ಇದೆ.

ಮುಂದಿನ ವಾರ ಮದುವೆ ಇದ್ದರೆ ಮುಖಕ್ಕೆ ಸೂಜಿಯೇ ಬೇಡ. ಊತ, ನೀಲಿ ಕಲೆ ಆದರೆ ಆ ದಿನವೇ ಹಾಳು.

ಉಳಿದವರಿಗೆ ಹೇಳುವುದಾದರೆ, ಸುಕ್ಕಿನ ವಿಷಯದಲ್ಲಿ ನಾನು ಹಿಂದೆ ಸರಿಯುತ್ತೇನೆ. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದಕ್ಕೆ ಸಲೈನ್ ಚುಚ್ಚಿದ್ದರು. ಆರು ತಿಂಗಳ ಮೇಲೆ, ಪಿಆರ್‌ಪಿ ಹಾಕಿದ ಕೆನ್ನೆ ಹೆಚ್ಚು ಚೆನ್ನಾಗಿದೆ ಅಂತ ಮಾಡಿಸಿಕೊಂಡವರಿಗೆ ಅನ್ನಿಸಿತು. ಯಾವ ಕೆನ್ನೆಗೆ ಏನು ಎಂದು ಗೊತ್ತಿಲ್ಲದೆ ನೋಡಿದ ಡಾಕ್ಟರುಗಳಿಗೆ ಫರಕು ಕಾಣಲಿಲ್ಲ. ಮೊಡವೆ ಬಿಟ್ಟುಹೋದ ಗುಂಡಿಗಳಿಗೆ ಮೈಕ್ರೋನೀಡ್ಲಿಂಗ್ (ಸಣ್ಣ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಜೊತೆ ಪಿಆರ್‌ಪಿ ಹಾಕಿದರೆ ಉಪಯೋಗ ಇದೆ, ಅದನ್ನು ಮಾಡುತ್ತೇನೆ. ಬಂಗು ಇದ್ದವರು, ಸಣ್ಣ ಗಾಯಕ್ಕೂ ಕಪ್ಪು ಕಲೆ ಉಳಿಯುವ ಚರ್ಮದವರು ಎರಡು ಸಲ ಯೋಚಿಸಿ. ಹುಬ್ಬಿನ ನಡುವೆ, ಕಣ್ಣಿನ ಸುತ್ತ ಚುಚ್ಚಿದಾಗ ಪಿಆರ್‌ಪಿ ರಕ್ತನಾಳಕ್ಕೆ ಹೋಗಿ ಕಣ್ಣಿನ ದೃಷ್ಟಿಯೇ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ನಿಜ. ಹೋದ ಕಣ್ಣು ಮಾತ್ರ ವಾಪಸ್ ಬರುವುದು ಕಷ್ಟ. ಪಾರ್ಲರ್‌ನಲ್ಲಿ ಇದನ್ನು ಮಾಡಿಸಿಕೊಳ್ಳುವ ಮಾತೇ ಬೇಡ. ದಿನಾ ಸನ್‌ಸ್ಕ್ರೀನ್ ಹಚ್ಚಿ, ರಾತ್ರಿ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮ್ ಹಚ್ಚಿ. ಬಸುರಿಯರಿಗೆ ರೆಟಿನಾಯ್ಡ್ ಬೇಡ.

ಪಿಆರ್‌ಪಿ ಹಳೇದಾಯ್ತು, ಎಕ್ಸೋಸೋಮ್ ಹಾಕುತ್ತೇವೆ ಅಂತಾರೆ.

ಎಕ್ಸೋಸೋಮ್ ಅಂದರೆ ಜೀವಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು. ಇಂಥ ಉತ್ಪನ್ನ ಯಾವುದಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಎಫ್‌ಡಿಎ 2019ರಲ್ಲೇ ಜನರನ್ನು ಎಚ್ಚರಿಸಿತ್ತು. ಚುಚ್ಚಿಸಿಕೊಳ್ಳಬೇಡಿ.

ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ಆಸ್ಪಿರಿನ್ ನುಂಗುತ್ತೇನೆ. ನಾಲ್ಕು ದಿನ ನಿಲ್ಲಿಸಿ ಪಿಆರ್‌ಪಿ ಮಾಡಿಸಬಹುದಾ?

ದಯವಿಟ್ಟು ನಿಲ್ಲಿಸಬೇಡಿ. ಕೂದಲಿಗೋಸ್ಕರ ಸ್ಟೆಂಟ್ ಕಟ್ಟಿಕೊಳ್ಳುವ ಅಪಾಯ ತಂದುಕೊಳ್ಳುವುದಾ? ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಅದರ ಆಯಸ್ಸು ಮುಗಿಯುವವರೆಗೆ, ಅಂದರೆ ಎಂಟು ಹತ್ತು ದಿನ ಮಂಕಾಗಿಯೇ ಇರುತ್ತದೆ. ನಾಲ್ಕು ದಿನ ಬಿಟ್ಟರೂ ಪೂರ್ತಿ ಸರಿಹೋಗುವುದಿಲ್ಲ. ನಿಮಗೆ ಪಿಆರ್‌ಪಿ ಬೇಡ. ಪ್ಲೇಟ್‌ಲೆಟ್ ತೊಂದರೆ ಇದ್ದವರಿಗೆ, ತಲೆಯಲ್ಲಿ ಕೀವು, ಸೋಂಕು ಇದ್ದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ ಬೇಡ.

ನೆತ್ತಿಯಲ್ಲಿ ಒಂದು ಕಡೆ ಉರಿ, ನವೆ. ಅಲ್ಲಿ ಕೂದಲು ಹೋಗಿ ಚರ್ಮ ಮಿರಮಿರ ಹೊಳೆಯುತ್ತದೆ. ನಾಲ್ಕು ಪಿಆರ್‌ಪಿ ಆಯ್ತು, ಮಚ್ಚೆ ದೊಡ್ಡದಾಗುತ್ತಲೇ ಇದೆ. ಐದನೇದು ಮಾಡಿಸಲಾ?

ರದ್ದು ಮಾಡಿ. ಈ ಸಲದ ಪತ್ರಗಳಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಇದೊಂದೇ. ಉರಿ, ಹೊಳಪು, ಹರಡುವಿಕೆ ಒಟ್ಟಿಗೆ ಇದ್ದರೆ ಕೂದಲ ಬುಡವನ್ನೇ ಕೊಂದು ಗಾಯದ ಕಲೆ ಉಳಿಸುವ ಕಾಯಿಲೆ ಇರಬಹುದು. ಲೈಕನ್ ಪ್ಲಾನೋಪಿಲಾರಿಸ್ ಅಂಥವುಗಳಲ್ಲೊಂದು. ಸತ್ತ ಬುಡದಿಂದ ಕೂದಲು ಮತ್ತೆ ಹುಟ್ಟುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಅಷ್ಟೇ. ಅದಕ್ಕೆ ಉರಿಯೂತ ತಗ್ಗಿಸುವ ಔಷಧಿ ಬೇಕು, ಬೇಗ ಬೇಕು. ಈ ವಾರವೇ ಚರ್ಮರೋಗ ತಜ್ಞರ ಹತ್ತಿರ ಹೋಗಿ, ಬಯಾಪ್ಸಿ, ಅಂದರೆ ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು, ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ತುಣುಕನ್ನು ನುಣ್ಣಗಾದ ನಡುಭಾಗದಿಂದ ತೆಗೆದರೆ ಬರೀ ಕಲೆ ಸಿಗುತ್ತದೆ. ಕೂದಲು ಇನ್ನೂ ಉಳಿದಿರುವ, ಕೆಂಪಗಿರುವ ಅಂಚಿನಿಂದ ತೆಗೆಯಬೇಕು.