ಅಡುಗೆಮನೆ ಪ್ರಶ್ನೋತ್ತರ: ಕೊರಿಯಾದ ಬಟ್ಟಲು, ನಮ್ಮ ತಾಟು

ಪ್ರಶ್ನೆ: ಮೂಲಂಗಿ ಕಿಮ್ಚಿ (ಕೊರಿಯಾದ ಹುದುಗಿಸಿದ ಉಪ್ಪಿನಕಾಯಿ) ಎರಡು ಸಲ ಮಾಡಿದೆ. ಎರಡೇ ದಿನಕ್ಕೆ ಹುಳಿ ಹತ್ತಿತು, ಮೇಲೆ ಕೆಂಪೆಣ್ಣೆ ತೇಲಿ ಕಮಟು ವಾಸನೆ ಬಂತು. ಮನೆಯ ಖಾರದ ಪುಡಿಯನ್ನೇ ಹಾಕಿದ್ದೆ. ತಪ್ಪೆಲ್ಲಿ? (ಓದುಗರು, ಮಾನ್ವಿ)

ಉತ್ತರ: ತಪ್ಪು ಎರಡು. ಮೊದಲನೆಯದು ಆ ಖಾರದ ಪುಡಿ. ನಮ್ಮ ಮನೆಗಳ ಮಸಾಲೆ ಖಾರದಲ್ಲಿ ಒಣಕೊಬ್ಬರಿ, ಕೊತ್ತಂಬರಿ, ಎಣ್ಣೆಯಲ್ಲಿ ಹುರಿದ ಮಸಾಲೆ ಎಲ್ಲ ಇರುತ್ತದೆ. ತೇಲಿದ್ದು ಆ ಎಣ್ಣೆ, ಕಮಟಿದ್ದು ಆ ಕೊಬ್ಬರಿ. ಕೊರಿಯಾದ ಗೋಚುಗಾರು ಎಂದರೆ ಬೀಜ ತೆಗೆದು ತರಿತರಿಯಾಗಿ ಕುಟ್ಟಿದ ಬರೀ ಮೆಣಸಿನಕಾಯಿ. ಬ್ಯಾಡಗಿ ತಳಿ ಇದಕ್ಕೆ ಹತ್ತಿರ. ಬಣ್ಣ ಹೆಚ್ಚು, ಉರಿ ಕಡಿಮೆ. ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ಒಡೆದು ಬೀಜ ಉದುರಿಸಿ, ಮಿಕ್ಸಿಯನ್ನು ತಡೆದು ತಡೆದು ತಿರುಗಿಸಿ. ನುಣ್ಣಗಾದರೆ ರಸ ಕೆಸರಿನಂತಾಗುತ್ತದೆ. ಗುಂಟೂರು ಮೆಣಸಿನಕಾಯಿ ಬೇಡ; ಬಣ್ಣ ಬರುವಷ್ಟು ಹಾಕಿದರೆ ಬಾಯಿಗಿಡಲಾಗದು.

ಎರಡನೆಯದು ನಮ್ಮ ಬಿಸಿಲು. ತಂಪಿನಲ್ಲಿ ಕಿಮ್ಚಿಯನ್ನು ಮೊದಲು ಹುದುಗಿಸುವುದು ಲ್ಯೂಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿ. ಸೋಡಾದಂಥ ಚುರುಕು ರುಚಿ ಅದರದು. ಸೆಖೆಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬೇಗ ಮೇಲುಗೈ ಪಡೆದು ಬರೀ ಹುಳಿ ಉಳಿಯುತ್ತದೆ. ಕೊರಿಯಾದವರು ವರ್ಷದ ಕಿಮ್ಚಿಯನ್ನು ನವೆಂಬರ್ ಚಳಿಯಲ್ಲಿ ಹಾಕಿ, ಭರಣಿಯನ್ನು ಮಣ್ಣಲ್ಲಿ ಹೂಳುತ್ತಿದ್ದದ್ದು ಈ ತಂಪಿಗೇ.

ಅಳತೆ: 1 ಕೆಜಿ ಮೂಲಂಗಿಯನ್ನು 2 ಸೆಂ.ಮೀ. ಹೋಳು ಮಾಡಿ, 25 ಗ್ರಾಂ ಹರಳುಪ್ಪು ಬೆರೆಸಿ 40 ನಿಮಿಷ ಬಿಡಿ. ಬಿಟ್ಟ ನೀರು ಬಸಿಯಿರಿ, ಹೋಳು ತೊಳೆಯಬೇಡಿ. 1 ದೊಡ್ಡ ಚಮಚ ಅಕ್ಕಿಹಿಟ್ಟನ್ನು 120 ಮಿಲಿ ನೀರಲ್ಲಿ ಗಂಜಿ ಕಾಸಿ ಪೂರ್ತಿ ಆರಿಸಿ. ಅದಕ್ಕೆ 35 ಗ್ರಾಂ ಮೆಣಸಿನ ತರಿ, ಜಜ್ಜಿದ ಬಳ್ಳೊಳ್ಳಿ 25 ಗ್ರಾಂ, ಶುಂಠಿ 5 ಗ್ರಾಂ, ಸಕ್ಕರೆ 1 ಸಣ್ಣ ಚಮಚ ಸೇರಿಸಿ. ಅಲ್ಲಿ ಹಾಕುವ ಹುದುಗಿಸಿದ ಮೀನಿನ ರಸ ಬೇಡದವರು ಲೈಟ್ ಸೋಯಾ ಸಾಸ್ 2 ದೊಡ್ಡ ಚಮಚ ಹಾಕಿ. ಡಾರ್ಕ್ ಸೋಯಾ ಹಾಕಿದರೆ ಕಪ್ಪಾಗುತ್ತದೆ. ಹೋಳಿಗೆ ಹಚ್ಚಿ, ಗಾಜಿನ ಭರಣಿಯಲ್ಲಿ ಮುಕ್ಕಾಲು ಭಾಗ ಮಾತ್ರ ಒತ್ತಿ ತುಂಬಿ. ಮುಚ್ಚಳ ಬಿಗಿಯುವುದು ಬೇಡ, ಅಡಿಗೆ ತಟ್ಟೆ ಇರಲಿ. ಗಾಳಿ ತುಂಬಿ ರಸ ಉಕ್ಕಿಯೇ ಉಕ್ಕುತ್ತದೆ.

ಹೊರಗಿಡುವುದು ಬೇಸಿಗೆಯಲ್ಲಿ 6ರಿಂದ 8 ಗಂಟೆ, ಚಳಿಗಾಲದಲ್ಲಿ ಒಂದು ದಿನ. ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಫ್ರಿಜ್ಜಿಗೆ. ನಾಲ್ಕನೇ ದಿನದಿಂದ ತಿನ್ನಬಹುದು, ಎರಡು ವಾರ ಚೆನ್ನಾಗಿರುತ್ತದೆ. ಆಮೇಲೆ ಹುಳಿ ಹೆಚ್ಚಾದರೆ ಚೆಲ್ಲಬೇಡಿ, ಅನ್ನದ ಜೊತೆ ಹುರಿಯಿರಿ. ಬೂಸ್ಟು ಕಂಡರೆ ಮಾತ್ರ ಪೂರ್ತಿ ಚೆಲ್ಲಿ.

ಪ್ರಶ್ನೆ: ಜೊಲ್ಲಾ ಸೀಮೆಯವರು ಊಟ ಅಂದರೆ ತಮ್ಮದೇ ಅಂತ ಎದೆ ತಟ್ಟಿಕೊಳ್ಳುತ್ತಾರಂತೆ. ಅಷ್ಟು ಹೆಮ್ಮೆ ಯಾಕೆ? (ಓದುಗರು, ಗಂಗಾವತಿ)

ಉತ್ತರ: ಗದ್ದೆ ಇದ್ದಲ್ಲಿ ಹೆಮ್ಮೆ ಇರುತ್ತದೆ, ನಿಮಗೆ ಹೇಳಬೇಕೆ! ದಕ್ಷಿಣ ಕೊರಿಯಾದ ನೈಋತ್ಯಕ್ಕಿರುವ ಜೊಲ್ಲಾ ಆ ದೇಶದ ಭತ್ತದ ಕಣಜ. ಪಶ್ಚಿಮಕ್ಕೆ ಹಳದಿ ಸಮುದ್ರದ ಮೀನು, ಚಿಪ್ಪು, ಉಪ್ಪು. ಪೂರ್ವಕ್ಕೆ ಬೆಟ್ಟದ ಸೊಪ್ಪು. ಮೂರೂ ಒಂದೇ ಸೀಮೆಯಲ್ಲಿ ಸಿಗುವುದರಿಂದಲೇ ಬಾನ್‌ಚಾನ್, ಅಂದರೆ ಅನ್ನದ ಸುತ್ತ ಇಡುವ ಪಲ್ಯ-ಉಪ್ಪಿನಕಾಯಿಗಳು, ಅಲ್ಲಿ ಹೆಚ್ಚು. ಅಲ್ಲಿನ ಜೊಂಜು ನಗರವನ್ನು ಯುನೆಸ್ಕೊ 2012ರಲ್ಲಿ ಪಾಕಕಲೆಯ ನಗರಗಳ ಪಟ್ಟಿಗೆ ಸೇರಿಸಿತು. ಮೊಳಕೆಕಾಳು ಹಾಕಿದ ಜೊಂಜು ಬಿಬಿಂಬಾಪ್ (ಪಲ್ಯಗಳ ಜೊತೆ ಕಲಸಿ ತಿನ್ನುವ ಅನ್ನ) ದೊಡ್ಡದೋ, ಹಸಿ ಗೋಮಾಂಸ ಹಾಕುವ ಪಕ್ಕದ ಸೀಮೆಯ ಜಿಂಜುವಿನದ್ದೋ ಎಂಬ ಜಗಳವೂ ಉಂಟು. ರೊಟ್ಟಿ ಎಲ್ಲಿಯದು ತೆಳು ಎಂದು ನಾವು ಜಗಳವಾಡುವ ಹಾಗೆಯೇ.

ಕಿಮ್ಚಿಯೂ ಸೀಮೆಗೊಂದು. ಉತ್ತರದ ಪ್ಯೊಂಗ್‌ಯಾಂಗ್ ಕಡೆ ಚಳಿ ಹೆಚ್ಚು, ಕೆಡುವ ಭಯ ಕಡಿಮೆ. ಉಪ್ಪು-ಖಾರ ಕಡಿಮೆ, ರಸ ಹೆಚ್ಚು. ದಕ್ಷಿಣಕ್ಕೆ ಬಂದಂತೆ ಸೆಖೆ, ಅದಕ್ಕೇ ಉಪ್ಪು, ಖಾರ, ಹುದುಗಿಸಿದ ಮೀನು ಎಲ್ಲ ಏರುತ್ತವೆ.

ಪ್ರಶ್ನೆ: ಖಾನಾವಳಿ ಇದೆ. ವಾರಕ್ಕೊಮ್ಮೆ ಕೊರಿಯಾ ತಾಟು ಇಡುವ ಯೋಚನೆ. ಎಷ್ಟು ಬಟ್ಟಲು ಇಡಬೇಕು? ಮತ್ತೆ ಮತ್ತೆ ಬಡಿಸಿದರೆ ಗಿಟ್ಟುತ್ತದೆಯೇ? (ಓದುಗರು, ಸಿರುಗುಪ್ಪ)

ಉತ್ತರ: ಸಂಪ್ರದಾಯದ ಲೆಕ್ಕ 3, 5, 7, 9, ಅರಸನಿಗೆ 12. ಅನ್ನ, ಸಾರು, ಕಿಮ್ಚಿ, ಸೋಯಾ ರಸ ಇವು ಲೆಕ್ಕಕ್ಕಿಲ್ಲ. ನಿಮಗೆ ಮೂರರ ತಾಟು ಸಾಕು. ಅಲ್ಲಿಯೂ ಸಾಮಾನ್ಯ ಬಾನ್‌ಚಾನ್ ಮತ್ತೆ ಕೇಳಿದರೆ ದುಡ್ಡಿಲ್ಲ. ಗಿಟ್ಟುವ ಗುಟ್ಟು ಬಟ್ಟಲಿನ ಗಾತ್ರದಲ್ಲಿದೆ: ಮೊದಲ ಸಲ ಎರಡೇ ಚಮಚ. ತಾಟಿನಲ್ಲಿ ಉಳಿದದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ, ಇಲ್ಲಿಯೂ ಬೇಡ.

ಮೇಲಿನ ಮೂಲಂಗಿ ಕಿಮ್ಚಿ ಲೆಕ್ಕಕ್ಕೆ ಬಾರದಿದ್ದರೂ ಇರಲೇಬೇಕು. ಬಾಳಿಕೆಗೆ ಶೇಂಗಾ ಇರಲಿ. 1 ಕಪ್ ಹುರಿಯದ ಶೇಂಗಾ 15 ನಿಮಿಷ ಕುದಿಸಿ ಆ ನೀರು ಚೆಲ್ಲಿ. ಸಿಪ್ಪೆಯ ಒಗರು ಹೋಗುತ್ತದೆ. ಸೋಯಾ ಸಾಸ್ 3 ದೊಡ್ಡ ಚಮಚ, ನೀರು ಮುಕ್ಕಾಲು ಕಪ್ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ, ಅರ್ಧ ಇಂಗಿದ ಮೇಲೆ ಸಕ್ಕರೆ 2 ದೊಡ್ಡ ಚಮಚ. ಮೊದಲೇ ಹಾಕಿದರೆ ಕಾಳು ಬಿರುಸಾಗುತ್ತದೆ. ಎರಡು ಚಮಚ ರಸ ಉಳಿದಿರುವಾಗಲೇ ಒಲೆ ಆರಿಸಿ ಎಳ್ಳು ಉದುರಿಸಿ. ಪೂರ್ತಿ ಇಂಗಿಸಿದರೆ ಆರಿದ ಮೇಲೆ ಚಿಕ್ಕಿಯಂತೆ ಅಂಟಿ ಕೂರುತ್ತದೆ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ.

ಪಾಲಕ್ ಮತ್ತು ಹೆಸರುಮೊಳಕೆ ಅಂದಂದೇ ಮಾಡಿ. ಪಾಲಕನ್ನು ಕುದಿನೀರಿಗೆ ಅರ್ಧ ನಿಮಿಷ ಹಾಕಿ ತಣ್ಣೀರಿಗೆ ಎತ್ತಿ, ಕೈಯಲ್ಲಿ ಗಟ್ಟಿ ಹಿಂಡಿ. ನೀರು ಉಳಿದರೆ ಒಂದು ತಾಸಿಗೆ ಬಟ್ಟಲೆಲ್ಲ ರಸ. ಇವಕ್ಕೆ ಹಾಕುವ ಅವರ ಎಳ್ಳೆಣ್ಣೆ ಹುರಿದ ಎಳ್ಳಿನದು. ಗಾಣದ ಎಣ್ಣೆಯಲ್ಲಿ ಆ ಘಮ ಇಲ್ಲ. ಹುರಿದ ಎಳ್ಳು ಕುಟ್ಟಿ ಹಾಕಿದರೆ ಸರಿಹೋಗುತ್ತದೆ.

ಅನ್ನಕ್ಕೆ ಹಳೆಯ ಸೋನಾ ಮಸೂರಿ ಬೇಡ, ಉದುರುದುರಾಗುತ್ತದೆ; ಅವರ ಅನ್ನ ಅಂಟಂಟು. ಮುದ್ದೆಯಾಗುತ್ತದೆ ಎಂದು ಗಿರಾಕಿಗಳು ಬೈಯುವ ಹೊಸಕ್ಕಿಯೇ ಇಲ್ಲಿ ಬೇಕು: ಅರ್ಧ ತಾಸು ನೆನೆಸಿ, 1ಕ್ಕೆ 2 ನೀರು, ಬಸಿಯದೆ ಮಾಡಿ, ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ.