ಮೈಸೂರಿನ ಹೆಸರಿನ ಬಳ್ಳಿ, ಮೈಸೂರಿನ ಮನೆಗೆ

ಪ್ರಶ್ನೆ: ಮೈಸೂರಿನಲ್ಲಿ 30×40 ಸೈಟಿನಲ್ಲಿ ಹೊಸ ಮನೆ ಕಟ್ಟಿದ್ದೇವೆ. ಗೇಟಿನ ಪಕ್ಕ 5 ಅಡಿ ಅಗಲ, 10 ಅಡಿ ಉದ್ದದ ಮಣ್ಣಿನ ಜಾಗ ಉಳಿದಿದೆ. ಬೆಳಗ್ಗೆ ಹನ್ನೊಂದರವರೆಗೆ ಬಿಸಿಲು ಬೀಳುತ್ತದೆ. ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಅರೆಕಾ ಪಾಮ್, ಕ್ರೋಟನ್, ಕಾಗದದ ಹೂವು. ನಮ್ಮದು ಬೇರೆ ಥರ ಇರಲಿ ಅಂತ ಆಸೆ. ನರ್ಸರಿಯವರು ಬೀಸಣಿಗೆಯ ಹಾಗೆ ಎಲೆ ಹರಡುವ ಟ್ರಾವೆಲರ್ಸ್ ಪಾಮ್ ತೋರಿಸಿದರು. ತರಬಹುದಾ?

ಉತ್ತರ: ಬೇಡ. ಕವರಿನಲ್ಲಿ ಮೂರಡಿ ಇರುವ ಆ ಗಿಡ ಮಡಗಾಸ್ಕರ್‌ನದು. ಹೆಸರಿಗೆ ಪಾಮ್, ನಂಟು ಬಾಳೆಯ ಕಡೆಗೆ. ನೆಲದಲ್ಲಿ ನೆಟ್ಟರೆ 30 ಅಡಿ ದಾಟಬಲ್ಲದು. ಅದರ ಬೀಸಣಿಗೆಗೆ ನಿಮ್ಮ ಐದಡಿ ಎಲ್ಲಿ ಸಾಕು? ನಾನೂ ಒಮ್ಮೆ ಆಸೆಪಟ್ಟು ಕಾಂಪೌಂಡ್ ಪಕ್ಕ ನೆಟ್ಟಿದ್ದೆ. ಕೆಲವೇ ವರ್ಷಕ್ಕೆ ಅರ್ಧ ಗಿಡ ಪಕ್ಕದವರ ಮನೆಯಲ್ಲಿತ್ತು, ಕಡಿಸುವ ಖರ್ಚು ಮಾತ್ರ ಪೂರ್ತಿ ನನ್ನದು. ನರ್ಸರಿಯಲ್ಲಿ ಬೆಲೆಗಿಂತ ಮೊದಲು 'ಹತ್ತು ವರ್ಷಕ್ಕೆ ಇದು ಎಷ್ಟಾಗುತ್ತೆ?' ಅಂತ ಕೇಳಿ.

ನಿಮ್ಮ ಜಾಗಕ್ಕೆ ಅಗಲ ಇಲ್ಲ, ಎತ್ತರ ಇದೆ. ಬಳ್ಳಿಗೆ ಹೇಳಿ ಮಾಡಿಸಿದ ಜಾಗ. ನಿಮ್ಮ ಊರಿನ ಹೆಸರನ್ನೇ ಇಟ್ಟುಕೊಂಡ ಒಂದು ಬಳ್ಳಿಯೂ ಇದೆ: ಥನ್‌ಬರ್ಜಿಯಾ ಮೈಸೂರೆನ್ಸಿಸ್, ಅಂದರೆ ಮೈಸೂರಿನದು. ಇದು ಪಶ್ಚಿಮಘಟ್ಟದ ಕಾಡಿನ ಬಳ್ಳಿ. ಇಂಗ್ಲೆಂಡಿನಲ್ಲಿ ಇದನ್ನು ಗಾಜಿನಮನೆಯಲ್ಲಿ ಬೆಚ್ಚಗಿಟ್ಟು ಸಾಕುತ್ತಾರೆ. ಅಲ್ಲಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇದಕ್ಕೆ ಒಳ್ಳೆಯ ತೋಟದ ಗಿಡವೆಂಬ ಪುರಸ್ಕಾರವನ್ನೂ ಕೊಟ್ಟಿದೆ. ಆದರೆ ಮೈಸೂರಿನ ಮನೆಗಳ ಮುಂದೆ ಇದನ್ನು ಹುಡುಕಾಡಬೇಕು!

ಚಪ್ಪರದಿಂದ ಎರಡು-ಮೂರು ಅಡಿ ಉದ್ದದ ಹೂಗೊಂಚಲು ಜಡೆಯ ಹಾಗೆ ಇಳಿಬೀಳುತ್ತದೆ. ಹಳದಿ ಮತ್ತು ಕಂದುಗೆಂಪು ಬಣ್ಣ. ಹೂಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಅರಳುವುದರಿಂದ ಒಂದು ಗೊಂಚಲು ಹಲವು ದಿನ ಬರುತ್ತದೆ. ಮಕರಂದ ಜಾಸ್ತಿ, ಹಾಗಾಗಿ ಸೂರಕ್ಕಿಗಳು ಬಿಡುವುದಿಲ್ಲ. ಅದೇ ಮಕರಂದ ಕೆಳಗೆ ತೊಟ್ಟಿಕ್ಕುತ್ತದೆ ಕೂಡ. ಕಾರು ನಿಲ್ಲಿಸುವ ಜಾಗದ ಮೇಲೆ ಹಬ್ಬಿಸಬೇಡಿ.

ಚಪ್ಪರ ಗಟ್ಟಿ ಇರಲಿ, ಕಬ್ಬಿಣದ ಪೈಪೇ ವಾಸಿ. ಬಲಿತ ಬಳ್ಳಿ ಭಾರ. ಎತ್ತರ ಒಂಬತ್ತಡಿ ಬೇಕು, ಇಲ್ಲದಿದ್ದರೆ ಬಂದವರ ತಲೆಗೆ ಹೂ ತಗಲುತ್ತದೆ. ಮಳೆ ಹಿಡಿದ ಮೇಲೆ ಒಂದೂವರೆ ಅಡಿ ಗುಂಡಿ ತೆಗೆದು, ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ನೆಡಿ. ಹೊಸ ಮನೆ ಅಂದಿರಿ, ಮಣ್ಣಿನಲ್ಲಿ ಸಿಮೆಂಟು, ಇಟ್ಟಿಗೆ ಚೂರು ಇದ್ದೇ ಇರುತ್ತದೆ. ಅದನ್ನು ಮೊದಲು ಆರಿಸಿ ತೆಗೆಯಿರಿ. ಕಾಡಿನ ಗಿಡವಾದ್ದರಿಂದ ಬುಡ ತಂಪಾಗಿರಬೇಕು. ಒಣಗಿದ ಎಲೆ ಹೊದಿಸಿ, ಸುತ್ತ ನಾಲ್ಕು ಜರಿಗಿಡ ಇಡಿ, ಸಾಕು. ಇದರ ಪಕ್ಕ ಬಣ್ಣದ ಕ್ರೋಟನ್ ಇಟ್ಟರೆ ಎರಡರ ಅಂದವೂ ಕೆಡುತ್ತದೆ. ಮೊದಲ ವರ್ಷ ಹೂ ಕಾಯಬೇಡಿ.

ಒಂದು ಎಚ್ಚರಿಕೆ. ಇದೇ ಹೆಸರು ಹೇಳಿ ನೀಲಿ ಹೂವಿನ ಥನ್‌ಬರ್ಜಿಯಾ ಗ್ರ್ಯಾಂಡಿಫ್ಲೋರಾ ಕೊಟ್ಟುಬಿಟ್ಟಾರು. ಅದೂ ಚಂದವೇ. ಆದರೆ ಅದು ಹಬ್ಬುವ ರಭಸಕ್ಕೆ ಆಸ್ಟ್ರೇಲಿಯಾದಲ್ಲಿ ಅದನ್ನು ಕಳೆ ಅನ್ನುತ್ತಾರೆ. ಸಾಧ್ಯವಾದರೆ ಹೂ ಇರುವಾಗಲೇ ನೋಡಿ ತನ್ನಿ.

ಪ್ರಶ್ನೆ: ಬ್ರಹ್ಮಕಮಲದ ಎಲೆ ನೆಟ್ಟು ಎರಡು ವರ್ಷವಾಯಿತು. ಪ್ರತಿ ಆರು ತಿಂಗಳಿಗೊಮ್ಮೆ ದೊಡ್ಡ ಕುಂಡಕ್ಕೆ ಬದಲಾಯಿಸುತ್ತಿದ್ದೇನೆ. ಆದರೂ ಹೂವಿಲ್ಲ. (ಶಿವಮೊಗ್ಗ)

ಉತ್ತರ: ಕುಂಡ ಬದಲಾಯಿಸುವುದನ್ನು ನಿಲ್ಲಿಸಿ. ಬೇರು ಕುಂಡ ತುಂಬಿ ಸ್ವಲ್ಪ ಇಕ್ಕಟ್ಟಾದರೆ ಇದು ಚೆನ್ನಾಗಿ ಹೂ ಬಿಡುತ್ತದೆ. ನಿಮ್ಮದು ಹಿಮಾಲಯದ ಬ್ರಹ್ಮಕಮಲ ಅಲ್ಲ, ಮೆಕ್ಸಿಕೊ ಕಡೆಯ ಒಂದು ಕಳ್ಳಿ. ನೀವು ಎಲೆ ಅಂದುಕೊಂಡಿದ್ದೂ ಚಪ್ಪಟೆಯಾದ ಕಾಂಡ. ಅದರಿಂದ ಎದ್ದ ಗಿಡ ಹೂ ಬಿಡಲು ಎರಡು-ಮೂರು ವರ್ಷ ಹಿಡಿಯುವುದು ಮಾಮೂಲು. ಬೆಳಗಿನ ಎಳೆಬಿಸಿಲು ತಾಗುವ ಕಡೆ ಇಡಿ. ನೀರು ನಿಲ್ಲಬಾರದು. ಬಾಗಿದ್ದ ಮೊಗ್ಗು ಉಬ್ಬಿ ಸಂಜೆ ತಲೆ ಎತ್ತಿದ್ದರೆ ಅಂದೇ ರಾತ್ರಿ ಅರಳಬಹುದು. ಎದ್ದಿರಿ, ಬೆಳಗಾಗುವಷ್ಟರಲ್ಲಿ ಮುದುಡಿರುತ್ತದೆ.