‘ಶಿಲೀಂಧ್ರಗಳ ವರ್ಣಲೋಕ’ ಕಳಿಸಿದವರಿಗೆ: ಒಂದು ಹಳದಿ ಸಾಕು

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಶಿಲೀಂಧ್ರಗಳ ವರ್ಣಲೋಕ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಸಿಕ್ಕಿಹಾಕಿಕೊಂಡಿದೆ. ಅದನ್ನು ಬಿಡಿಸಿಕೊಳ್ಳಿ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೂಷ್ಟು, ಅಣಬೆ, ಯೀಸ್ಟ್ ಎಲ್ಲ ಸೇರಿಸಿ ಹದಿನೆಂಟು ಬಣ್ಣಗಳ ಪಟ್ಟಿ ಕೊಟ್ಟಿದ್ದೀರಿ. ಮೆಲನಿನ್, ಬೀಟಾ ಕ್ಯಾರೊಟಿನ್, ರೈಬೊಫ್ಲಾವಿನ್, ಮೊನಾಸ್ಕಸ್ ಎಂಬ ಬೂಷ್ಟಿನ ಕೆಂಪು, ಹೀಗೆ. ಪ್ರತಿಯೊಂದರ ಮುಂದೆಯೂ ಹೆಚ್ಚುಕಡಿಮೆ ಒಂದೇ ಸಾಲು: ‘ಕ್ಯಾನ್ಸರ್ ನಿರೋಧಕ, ಸೂಕ್ಷ್ಮಾಣು ನಿರೋಧಕ ಗುಣಗಳನ್ನು ಹೊಂದಿದೆ.’ ನಾಲ್ಕನೇ ಬಣ್ಣಕ್ಕೆ ಬರುವಷ್ಟರಲ್ಲಿ ಓದುವವರು ಎದ್ದು ಹೋಗುತ್ತಾರೆ. ಹೋಗದೆ ಉಳಿದವರ ಬಗ್ಗೆ ನನಗೆ ಜಾಸ್ತಿ ಚಿಂತೆ, ಯಾಕಂದರೆ ಅವರು ನಂಬುತ್ತಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶ ಸತ್ತ ಮಾತ್ರಕ್ಕೆ ಅದು ಔಷಧ ಆಗುವುದಿಲ್ಲ. ತಟ್ಟೆಯಲ್ಲಿ ಕೋಶ ಕೊಲ್ಲುವ ವಿಷಗಳು ಬೇಕಾದಷ್ಟಿವೆ. ಎಷ್ಟು ಪ್ರಮಾಣದಲ್ಲಿ, ಯಾವ ಜೀವಿಯಲ್ಲಿ, ಜೊತೆಗೆ ಏನು ಕೆಟ್ಟಿತು? ಈ ಮೂರು ಗೊತ್ತಿಲ್ಲದಿದ್ದರೆ ಆ ಸಾಲು ಬರೆಯಲೇಬೇಡಿ.

ನಿಮ್ಮ ಏಳನೇ ಬಣ್ಣವನ್ನೇ ತಗೊಳ್ಳಿ. ‘ಸಿಟ್ರಿನಿನ್: ಹಳದಿ ವರ್ಣಕ, ಬ್ಯಾಕ್ಟೀರಿಯಾ ನಾಶಕ.’ ಅಷ್ಟೇ ಬರೆದು ಎಂಟನೆಯದಕ್ಕೆ ಹೋಗಿದ್ದೀರಿ. ಬರೆದದ್ದು ಸುಳ್ಳಲ್ಲ. ಆದರೆ ಸಿಟ್ರಿನಿನ್ ಕಿಡ್ನಿ ಕೆಡಿಸುತ್ತದೆ. 1931ರಲ್ಲಿ ಹೆದರಿಂಗ್ಟನ್ ಮತ್ತು ರೈಸ್ಟ್ರಿಕ್ ಅದನ್ನು ಬೇರ್ಪಡಿಸಿದರು. ಮುಂದೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತಲೂ ಗೊತ್ತಾಯಿತು. ಆದರೂ ಅದು ಔಷಧದ ಅಂಗಡಿಗೆ ಬರಲಿಲ್ಲ, ಕಾರಣ ಈ ವಿಷಗುಣವೇ. ಅದನ್ನು ಬಿಟ್ಟು ಉಪಯೋಗ ಮಾತ್ರ ಹೇಳಿದರೆ ಓದುವವರಿಗೆ ಮೋಸ ಆದಂತೆ, ಅಲ್ವಾ?

ಇಷ್ಟು ಬೈದ ಮೇಲೆ ಮೆಚ್ಚಿದ್ದನ್ನೂ ಹೇಳಬೇಕು. ಕೊನೆಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ನೀವು ಬೆಳೆಸಿದ ಪೆನಿಸಿಲಿಯಮ್ ಸಿಟ್ರಿನಮ್ ಎಂಬ ಬೂಷ್ಟಿನ ಬಗ್ಗೆ ಐದು ಸಾಲು ಬರೆದಿದ್ದೀರಿ. ಮೇಲೆ ನೀಲಿ ಹಸಿರು ಪುಡಿ, ಅದರ ಮೇಲೆ ಬೆವರಿನಂತೆ ಕೂತ ಹಳದಿ ಹನಿಗಳು, ತಟ್ಟೆ ತಿರುಗಿಸಿದರೆ ಬೂಷ್ಟು ಬೆಳೆಸುವ ಜೆಲ್ಲಿಯಾದ ಅಗರ್‌ಗೂ ಇಳಿದ ಹಳದಿ. ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡದ್ದು ಇದೊಂದೇ, ಚೆನ್ನಾಗಿರುವುದೂ ಇದೊಂದೇ. ಶುರು ಮಾಡಬೇಕಾದದ್ದು ಇಲ್ಲಿಂದ.

ಯಾಕಂದರೆ ಕಥೆ ಇರುವುದು ಇದೇ ಬೂಷ್ಟಿನಲ್ಲಿ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಟೋಕಿಯೊದ ಸ್ಯಾಂಕ್ಯೊ ಔಷಧ ಕಂಪನಿಯಲ್ಲಿ 1971ರಲ್ಲಿ ಒಂದು ಹುಡುಕಾಟ ಶುರು ಮಾಡಿದರು. ಶಿಲೀಂಧ್ರಗಳ ಕೋಶದ ಹೊದಿಕೆಗೆ ಎರ್ಗೊಸ್ಟಿರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು, ನಮ್ಮದಕ್ಕೆ ಕೊಲೆಸ್ಟ್ರಾಲ್ ಬೇಕು, ಎರಡೂ ತಯಾರಾಗುವ ದಾರಿಯ ಮೊದಲ ಭಾಗ ಒಂದೇ. ಹಾಗಿದ್ದರೆ ಎದುರಾಳಿ ಸೂಕ್ಷ್ಮಜೀವಿಗಳನ್ನು ಮಟ್ಟಹಾಕಲು ಯಾವುದಾದರೂ ಶಿಲೀಂಧ್ರ ಆ ದಾರಿಯನ್ನೇ ಕಟ್ಟುವ ವಸ್ತು ತಯಾರಿಸುತ್ತಿರಬಹುದು ಅನ್ನುವುದು ಅವರ ಊಹೆ. ಸುಮಾರು 6,000 ತಳಿಗಳನ್ನು ಪರೀಕ್ಷಿಸಿದರು. ಮೊದಲು ಸಿಕ್ಕಿದ್ದೇನು ಗೊತ್ತಾ? ನಿಮ್ಮ ಸಿಟ್ರಿನಿನ್. ಇಲಿಗಳಲ್ಲಿ ಕೊಲೆಸ್ಟ್ರಾಲ್ ಇಳಿಸಿತು, ಕಿಡ್ನಿಯನ್ನೂ ಕೆಡಿಸಿತು, ಕೈಬಿಟ್ಟರು. ಆಮೇಲೆ ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯಿಂದ ಬಂದ ಪೆನಿಸಿಲಿಯಮ್ ಸಿಟ್ರಿನಮ್‌ನಲ್ಲಿ, 1973ರಲ್ಲಿ, ಕಾಂಪ್ಯಾಕ್ಟಿನ್ ಸಿಕ್ಕಿತು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಔಷಧಗಳಲ್ಲಿ ಅದೇ ಮೊದಲನೆಯದು. ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವದಲ್ಲಿ ಕಚ್ಚಾವಸ್ತು ಕೂರುವ ಜಾಗ ಒಂದಿದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಕಾಂಪ್ಯಾಕ್ಟಿನ್ ಅದನ್ನು ಮೊದಲೇ ಹಿಡಿದುಬಿಡುತ್ತದೆ.

ಇಷ್ಟಾದರೂ ಇಲಿಗಳ ರಕ್ತದಲ್ಲಿ ಕಾಂಪ್ಯಾಕ್ಟಿನ್ ಏನೂ ಮಾಡಲಿಲ್ಲ. ಇಲಿಯ ಯಕೃತ್ತು ಆ ಕಿಣ್ವವನ್ನೇ ಇನ್ನಷ್ಟು ಜಾಸ್ತಿ ತಯಾರಿಸಿ ಸರಿದೂಗಿಸಿಬಿಡುತ್ತಿತ್ತು. ಕೆಲಸ ಅಲ್ಲಿಗೇ ನಿಲ್ಲುವುದರಲ್ಲಿತ್ತು. ಆಗ ಕಿಟಾನೊ ಎಂಬ ಸಹೋದ್ಯೋಗಿಯ ಬಳಿ ಮೊಟ್ಟೆ ಇಡುವ ಕೋಳಿಗಳಿದ್ದವು, ಅವಕ್ಕೆ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಧಡಕ್ಕನೆ ಇಳಿಯಿತು. ಇಲಿಯ ಕೊಲೆಸ್ಟ್ರಾಲನ್ನಷ್ಟೇ ನಂಬಿದ್ದರೆ ವಿಷವನ್ನು ಇಟ್ಟುಕೊಂಡು ಔಷಧವನ್ನು ಬಿಸಾಡಬೇಕಿತ್ತು. ‘ಯಾವ ಜೀವಿಯಲ್ಲಿ’ ಅಂತ ನಾನು ಕೇಳಿದ್ದು ಇದಕ್ಕೇ.

ಇಲ್ಲಿಂದ ನಿಮ್ಮ ಮೊನಾಸ್ಕಸ್‌ಗೆ ದಾರಿ ತಾನಾಗಿ ಸಿಗುತ್ತದೆ. 1979ರಲ್ಲಿ ಎಂಡೊ ಮೊನಾಸ್ಕಸ್‌ನಿಂದ ಮೊನಾಕೊಲಿನ್-ಕೆ ತೆಗೆದರು. ಮರ್ಕ್ ಎಂಬ ಔಷಧ ಕಂಪನಿಗೆ ಇನ್ನೊಂದು ಬೂಷ್ಟಾದ ಆಸ್ಪರ್ಜಿಲಸ್ ಟೆರಿಯಸ್‌ನಲ್ಲಿ ಸಿಕ್ಕಿ 1987ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಬಂದ ಲೊವಾಸ್ಟ್ಯಾಟಿನ್ ಅದೇ ಅಣು. ಮೊನಾಸ್ಕಸ್ ಕೂಡ ಬಣ್ಣ, ಔಷಧ, ಸಿಟ್ರಿನಿನ್ ಮೂರನ್ನೂ ತಯಾರಿಸಬಲ್ಲದು. ಚೀನಾದಲ್ಲಿ ಅನ್ನದ ಮೇಲೆ ಅದನ್ನು ಬೆಳೆಸಿ ಮದ್ಯಕ್ಕೆ, ತೋಫುವಿಗೆ, ಮಾಂಸಕ್ಕೆ ಬಣ್ಣ ಕೊಡುವುದು ಹಳೆಯ ಪದ್ಧತಿ. ಅದರ ಕಿತ್ತಳೆ ಬಣ್ಣ ಅಮೈನೊ ಆಮ್ಲಗಳ ಜೊತೆ ಸೇರಿ ಕೆಂಪಾಗುತ್ತದೆ, ಇದನ್ನು ನೀವು ಹೇಳೇ ಇಲ್ಲ. ಬದಲಿಗೆ ‘ಕೆಂಪಕ್ಕಿ ತಿಂದರೆ ಕೊಲೆಸ್ಟ್ರಾಲ್ ಕಡಿಮೆಯಾಗುತ್ತದೆ’ ಅಂತ ಬರೆದಿದ್ದೀರಿ. ಮಂಗಳೂರಿನವರು ತಮ್ಮ ಕುಚಲಕ್ಕಿ ಅಂದುಕೊಳ್ಳುತ್ತಾರೆ. ಕುಚಲಕ್ಕಿಯ ಕೆಂಪು ತವಡಿನದ್ದು, ಬೂಷ್ಟಿಗೂ ಅದಕ್ಕೂ ಸಂಬಂಧವಿಲ್ಲ.

‘ನೈಸರ್ಗಿಕ, ಆದ್ದರಿಂದ ಸುರಕ್ಷಿತ’ ಅನ್ನುವ ಸಾಲನ್ನಂತೂ ಅಳಿಸಲೇಬೇಕು. 2024ರ ಮಾರ್ಚಿನಲ್ಲಿ ಜಪಾನಿನಲ್ಲಿ ಇದೇ ಮೊನಾಸ್ಕಸ್ ಅಕ್ಕಿಯ ಮಾತ್ರೆ ನುಂಗಿದವರು ಕಿಡ್ನಿ ತೊಂದರೆಯಿಂದ ಆಸ್ಪತ್ರೆ ಸೇರಿದರು, ಮಾತ್ರೆಗಳನ್ನು ವಾಪಸ್ ತರಿಸಿಕೊಂಡರು. ಅಲ್ಲಿ ಸಿಕ್ಕಿದ್ದು ಸಿಟ್ರಿನಿನ್ ಕೂಡ ಅಲ್ಲ. ತಯಾರಿಕೆಯ ವೇಳೆ ಸೇರಿಕೊಂಡ ಬೇರೊಂದು ಪೆನಿಸಿಲಿಯಮ್ ಬಿಟ್ಟ ಪ್ಯೂಬೆರುಲಿಕ್ ಆಮ್ಲ. ಐರೋಪ್ಯ ಒಕ್ಕೂಟದಲ್ಲಿ ಈ ಅಕ್ಕಿಯ ಪೂರಕಗಳಲ್ಲಿ ಕಿಲೋಗೆ 100 ಮೈಕ್ರೊಗ್ರಾಮ್‌ಗಿಂತ ಹೆಚ್ಚು ಸಿಟ್ರಿನಿನ್ ಇರುವಂತಿಲ್ಲ. 2022ರಲ್ಲಿ ಬಂದ ಅಲ್ಲಿನ ನಿಯಮದಂತೆ ದಿನಕ್ಕೆ ತೆಗೆದುಕೊಳ್ಳುವ ಮೊನಾಕೊಲಿನ್ 3 ಮಿಲಿಗ್ರಾಮ್‌ಗಿಂತ ಕಡಿಮೆ ಇರಬೇಕು. ಈ ಅಂಕಿಗಳನ್ನು ಹಾಕಿ. ಸ್ಟ್ಯಾಟಿನ್ ಮಾತ್ರೆ ತಗೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು ಅಂತಲೂ ಸ್ಪಷ್ಟವಾಗಿ ಬರೆಯಿರಿ.

ಇನ್ನೆರಡು ತಪ್ಪು. ಸ್ಟ್ರೆಪ್ಟೊಮೈಸಿನ್ ಶಿಲೀಂಧ್ರದ್ದಲ್ಲ, ದಾರದ ಹಾಗೆ ಬೆಳೆಯುವ ಒಂದು ಬ್ಯಾಕ್ಟೀರಿಯಾದ್ದು. ಚೆರ್ನೊಬಿಲ್ ರಿಯಾಕ್ಟರಿನ ಗೋಡೆಗಳಲ್ಲಿ ಮೆಲನಿನ್ ತುಂಬಿದ ಕಪ್ಪು ಬೂಷ್ಟು ಬೆಳೆದದ್ದು ನಿಜ, ಅದು ‘ವಿಕಿರಣವನ್ನು ತಿಂದು ಮುಗಿಸುತ್ತಿದೆ’ ಅನ್ನುವುದು ನಿಜವಲ್ಲ.

ಭಾಷೆ ಬಗ್ಗೆ ಒಂದೇ ಮಾತು. ‘ಜೈವಿಕ ಸಕ್ರಿಯತೆಯನ್ನು ಪ್ರದರ್ಶಿಸುತ್ತವೆ’ ಅಂತ ನೀವು ಗೆಳೆಯರ ಹತ್ತಿರ ಮಾತಾಡುವುದಿಲ್ಲ. ಏನು ಮಾಡುತ್ತದೆ ಅಂತ ಹೇಳಿ: ಕೊಲ್ಲುತ್ತದೆ, ತಡೆಯುತ್ತದೆ, ಕೆಡಿಸುತ್ತದೆ.

ಪಟ್ಟಿ ಪೂರ್ತಿ ತೆಗೆದುಬಿಡಿ. ಬೀಟಾ ಕ್ಯಾರೊಟಿನ್ ಭಾಗ ಎತ್ತಿಡಿ, ಅದು ಬೇರೆ ಲೇಖನಕ್ಕೆ ಆಗುತ್ತದೆ. ಸಿಟ್ರಿನಮ್, ಎಂಡೊ, ಮೊನಾಸ್ಕಸ್ ಇಷ್ಟನ್ನೇ ಇಟ್ಟುಕೊಂಡು ಹೊಸದಾಗಿ ಬರೆದು ಕಳಿಸಿ. ನಿಮ್ಮ ತಟ್ಟೆಯ ಫೋಟೊ ಇದ್ದರೆ ಜೊತೆಗಿರಲಿ, ಮೇಲಿಂದ ಒಂದು, ತಿರುಗಿಸಿ ಅಡಿಯಿಂದ ಒಂದು.